ಸುಂಕದವನ ಮುಂದೆ ಒಂದು ಜೊತೆ ಪಾದರಕ್ಷೆ

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗ ಕಳೆದ ವರ್ಷ ನನಗೆ ಒಂದು ಜೊತೆ ಕ್ಯಾನ್ವಾಸ್ ಬೂಟುಗಳನ್ನು ಅಂಚೆಯಲ್ಲಿ ಕಳುಹಿಸಿದ. "ಚಿಕ್ಕಪ್ಪ, ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ತಿರುಗಾಡುವುದಕ್ಕೆ ಅನುಕೂಲವಾಗುತ್ತದೆ" ಎಂದು ಒಳಗೊಂದು ಚೀಟಿ. ಹೊರಗೆ ಅಂಟಿಸಿದ್ದ ಸುಂಕದ ಚೀಟಿಯಲ್ಲಿ ವಸ್ತುವಿನ ಹೆಸರು, ತೂಕ, ಬೆಲೆ. ಅವುಗಳ ಪಕ್ಕದಲ್ಲಿ 6404.11 ಎಂಬ ಒಂದು ಸಂಖ್ಯೆ. ನಮ್ಮ ಮನೆಯವರು ಅದನ್ನು ನೋಡಿ, "ಇದೆಂಥ ಅಳತೆ? ನಿಮ್ಮ ಕಾಲಿಗೆ ಎಂಟನೆಯ ನಂಬರಲ್ಲವೇ?" ಎಂದರು. ಅದು ಕಾಲಿನ ಅಳತೆಯಲ್ಲ, ಸುಂಕದವರ ಅಳತೆ ಎಂಬುದು ನನಗೂ ಆಮೇಲೆ ತಿಳಿಯಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸುಂಕದವನಿಗೆ ಬೇಕಾದುದು ನಮ್ಮ ಕಥೆಯಲ್ಲ. ಗಂಟಿನಲ್ಲಿ ಏನಿದೆ ಎಂಬ ಒಂದೇ ಪ್ರಶ್ನೆಗೆ ಉತ್ತರ. ಆದರೆ ಈ ಒಂದು ಪ್ರಶ್ನೆ ನಾವು ತಿಳಿದಷ್ಟು ಸುಲಭವಲ್ಲ. ಪಾದರಕ್ಷೆ ಎಂದರೆ ಏನು? ಚರ್ಮದ್ದೋ, ಬಟ್ಟೆಯದೋ, ರಬ್ಬರಿನದೋ? ಮೂರೂ ಸೇರಿದ್ದರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು? ಲಕ್ಷ್ಯ, ಲಕ್ಷಣ, ಅವ್ಯಾಪ್ತಿ, ಅತಿವ್ಯಾಪ್ತಿ ಎಂದು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿಕೊಂಡು ಬಂದ ನನ್ನಂಥವನಿಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದ್ದು ಸಹಜವೇ. ಇದರ ಚರಿತ್ರೆಯನ್ನು ಹಿಡಿದು ಹೋದಾಗ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಸುಂಕ ಎಂಬ ಮಾತು ಸಂಸ್ಕೃತದ ಶುಲ್ಕದ ತದ್ಭವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿವರವಾಗಿ ಹೇಳಿದೆ. ಅಲ್ಲಿ ಚರ್ಮವು ಬಟ್ಟೆ, ನೂಲು, ಹತ್ತಿ, ಮರ, ಬಿದಿರು, ಮಣ್ಣಿನ ಪಾತ್ರೆಗಳ ಸಾಲಿನಲ್ಲಿ ಬರುತ್ತದೆ. ಇವಕ್ಕೆ ಬೆಲೆಯ ಇಪ್ಪತ್ತರಲ್ಲೊಂದು ಇಲ್ಲವೇ ಇಪ್ಪತ್ತೈದರಲ್ಲೊಂದು ಪಾಲು ಸುಂಕ. ನಮ್ಮ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ಕಿರುಕುಳ ಮುಂತಾದ ಮಾತುಗಳು ಪದೇ ಪದೇ ಕಾಣುತ್ತವೆ. ಹೆಚ್ಚಿನ ಸರಕಿನದು ಒಂದು ಲೆಕ್ಕ, ಚಿಲ್ಲರೆ ಸರಕಿನದು ಇನ್ನೊಂದು. ಎತ್ತಿನ ಮೇಲೆ ಹೇರು ಬರುತ್ತಿದ್ದ ಕಾಲಕ್ಕೆ ಅಷ್ಟು ಭೇದ ಸಾಕಾಗಿತ್ತು.

ಪಾದರಕ್ಷೆಗೆ ನಮ್ಮಲ್ಲಿ ಹೆಸರುಗಳಿಗೇನೂ ಬಡತನವಿಲ್ಲ. ಕೆರ, ಮೆಟ್ಟು, ಎಕ್ಕಡ, ಜೋಡು, ಚಪ್ಪಲಿ, ಹಾವುಗೆ. ಇವುಗಳಲ್ಲಿ ಮೆಟ್ಟು ಎಂಬುದು ಮೆಟ್ಟುವ ಕೆಲಸದಿಂದ ಬಂದ ಹೆಸರು. ಜೋಡು ಎಂಬುದು ಎರಡಿರುವುದರಿಂದ ಬಂದದ್ದು. ಅಮರಕೋಶದಲ್ಲಿ ಪಾದರಕ್ಷೆಯ ಹೆಸರುಗಳನ್ನು ಹುಡುಕಿದರೆ ಅವು ಸಿಕ್ಕುವುದು ಉಡುಗೆತೊಡುಗೆಗಳ ನಡುವೆಯಲ್ಲ, ಶೂದ್ರವರ್ಗದಲ್ಲಿ, ಕಸುಬುದಾರರ ಸಲಕರಣೆಗಳ ಜೊತೆಯಲ್ಲಿ. ಅಂದರೆ ಅಮರಸಿಂಹ ಪಾದರಕ್ಷೆಯನ್ನು ಅದನ್ನು ಮಾಡುವವನ ಕಡೆಯಿಂದ ನೋಡಿದ. ವರ್ಗೀಕರಣವೆಂದರೆ ಹೀಗೆಯೇ. ವಸ್ತು ಒಂದೇ, ಅದನ್ನು ಎಲ್ಲಿ ಇಡುತ್ತೇವೆ ಎಂಬುದರಿಂದ ಇಡುವವರ ಮನಸ್ಸು ತಿಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಅಮೆರಿಕದ ಕಡೆಗೆ ಹೋಗೋಣ. ಏಕೆಂದರೆ ಪಾದರಕ್ಷೆಯ ಸುಂಕಕ್ಕಾಗಿ ಅಲ್ಲಿ ನಡೆದಷ್ಟು ದೀರ್ಘವಾದ ವ್ಯಾಜ್ಯ ಬೇರೆಲ್ಲಾದರೂ ನಡೆದಿರುವುದು ವಿರಳ.

ಚಾರ್ಲ್ಸ್ ಗುಡ್‌ಇಯರ್ ಎಂಬಾತ 1839ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಕಂಡುಹಿಡಿದ. ಅಲ್ಲಿಂದ ಮುಂದೆ ಬಿಸಿಲಿಗೆ ಕರಗದ, ಚಳಿಗೆ ಬಿರುಕು ಬಿಡದ ರಬ್ಬರಿನ ಅಟ್ಟೆ ಸಾಧ್ಯವಾಯಿತು. ಕ್ಯಾನ್ವಾಸ್ ಬಟ್ಟೆಯ ಮೈಗೆ ರಬ್ಬರಿನ ಅಟ್ಟೆ ಕೂಡಿಸಿದ ಬೂಟು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಮನೆಮಾತಾಯಿತು. ಕೆಡ್ಸ್ ಎಂಬ ಹೆಸರಿನ ಬೂಟು 1916ರಲ್ಲಿ ಬಂತು. ಮರುವರ್ಷ ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ ಬಂತು. ನಡೆದರೆ ಸದ್ದಾಗುವುದಿಲ್ಲವಾದ್ದರಿಂದ ಕಳ್ಳಹೆಜ್ಜೆ ಎಂಬ ಅರ್ಥ ಬರುವಂತೆ ಇವನ್ನು ಅಲ್ಲಿನ ಜನ ಸ್ನೀಕರ್ ಎಂದು ಕರೆದರು. ಚರ್ಮದ ಬೂಟಿಗೆ ಹಣ ಸಾಲದ ಮನೆಗಳ ಮಕ್ಕಳು ಶಾಲೆಗೂ ಆಟಕ್ಕೂ ಇದನ್ನೇ ತೊಟ್ಟರು.

ಚರ್ಮದ ಬೂಟುಗಳಿಗೆ ಅಮೆರಿಕದಲ್ಲಿ 1913ರ ಕಾಯಿದೆಯಂತೆ ಸುಂಕವೇ ಇರಲಿಲ್ಲ. 1930ರಲ್ಲಿ, ಆರ್ಥಿಕ ಮುಗ್ಗಟ್ಟು ಆರಂಭವಾಗಿದ್ದ ಕಾಲದಲ್ಲಿ, ಹೊಸ ಸುಂಕದ ಕಾಯಿದೆ ಬಂದು ಅವುಗಳ ಮೇಲೆ ಶೇಕಡಾ 20 ಬಿತ್ತು. ಬಟ್ಟೆಯ ಮೈ, ರಬ್ಬರಿನ ಅಟ್ಟೆ ಇದ್ದ ಬೂಟುಗಳ ಮೇಲೆ ಬಿದ್ದದ್ದು ಶೇಕಡಾ 35. ಅಷ್ಟಾದರೂ ಜಪಾನ್ ಮೊದಲಾದ ದೇಶಗಳಿಂದ ಅಗ್ಗದ ಬೂಟುಗಳು ಬರುವುದು ನಿಲ್ಲಲಿಲ್ಲ. ಆಗ ಅಧ್ಯಕ್ಷ ಹೂವರ್ ಅವರು 1933ರ ಫೆಬ್ರವರಿಯಲ್ಲಿ, ತಮ್ಮ ಅಧಿಕಾರದ ಕೊನೆಯ ದಿನಗಳಲ್ಲಿ, ಒಂದು ಘೋಷಣೆ ಹೊರಡಿಸಿದರು. ಸುಂಕದ ದರವನ್ನು ಅವರು ಏರಿಸಲಿಲ್ಲ. ಬೆಲೆ ಕಟ್ಟುವ ರೀತಿಯನ್ನು ಬದಲಾಯಿಸಿದರು. ಹೊರಗಿನಿಂದ ಬಂದ ಬೂಟಿಗೆ ಕೊಂಡ ಬೆಲೆಯ ಮೇಲೆ ಸುಂಕ ಹಾಕಬೇಕಾಗಿಲ್ಲ. ಅದನ್ನು ಹೋಲುವ ಬೂಟನ್ನು ಅಮೆರಿಕದ ಕಾರ್ಖಾನೆ ಎಷ್ಟಕ್ಕೆ ಮಾರುತ್ತದೆಯೋ ಆ ಬೆಲೆಯ ಮೇಲೆ ಹಾಕಬೇಕು ಎಂದು ವಿಧಿಸಿದರು. ಇದಕ್ಕೆ ಅಮೆರಿಕನ್ ಮಾರಾಟ ಬೆಲೆ ಎಂದು ಹೆಸರು. ಇದು 1922ರಲ್ಲಿಯೇ ಕೆಲವು ರಾಸಾಯನಿಕ ವಸ್ತುಗಳಿಗೆಂದು ಹುಟ್ಟಿದ ಉಪಾಯ.

ಇದರ ಪರಿಣಾಮ ಏನಾಯಿತೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮುಂದೆ ದೇಶದೇಶಗಳ ಮಾತುಕತೆಯಿಂದ ದರ ಶೇಕಡಾ 20ಕ್ಕೆ ಇಳಿಯಿತೆಂದು ಇಟ್ಟುಕೊಳ್ಳಿ. ಹಾಗೆ ಇಳಿದದ್ದೂ ಉಂಟು. ಜಪಾನಿನಲ್ಲಿ ಒಂದು ಡಾಲರಿಗೆ ಕೊಂಡ ಬೂಟು. ಅದರಂಥದೇ ಅಮೆರಿಕದ ಬೂಟಿನ ಬೆಲೆ ಮೂರು ಡಾಲರು. ಮೂರು ಡಾಲರಿಗೆ ಶೇಕಡಾ 20ರಂತೆ ಸುಂಕ 60 ಸೆಂಟು. ಕೊಂಡ ಬೆಲೆಗೆ ಹೋಲಿಸಿದರೆ ಅದು ಶೇಕಡಾ 60 ಆಯಿತು. ಪಟ್ಟಿಯಲ್ಲಿ ಕಾಣುವುದು ಇಪ್ಪತ್ತು, ತೆರಬೇಕಾದದ್ದು ಅರವತ್ತು. ತೂಕದ ಕಲ್ಲು ಹಾಗೆಯೇ ಇದೆ, ತಕ್ಕಡಿಯ ತಟ್ಟೆಗೆ ಮಾತ್ರ ಹುಣಿಸೆಹಣ್ಣು ಅಂಟಿಸಿದೆ ಎಂಬಂತೆ.

ಈ ವಿಧಿಯೆಲ್ಲ ನಿಂತದ್ದು "ಹೋಲುವ" ಎಂಬ ಒಂದು ಮಾತಿನ ಮೇಲೆ. ಅಲಂಕಾರಶಾಸ್ತ್ರ ಓದಿದವರಿಗೆ ಸಾದೃಶ್ಯವೆಂಬುದು ಎಷ್ಟು ಜಾರುವ ನೆಲ ಎಂಬುದು ಗೊತ್ತು. ಮುಖ ಚಂದ್ರನನ್ನು ಹೋಲುತ್ತದೆ ಎಂದರೆ ಎಷ್ಟು ಅಂಶದಲ್ಲಿ? ಈ ಬೂಟು ಆ ಬೂಟನ್ನು ಹೋಲುತ್ತದೆಯೋ ಇಲ್ಲವೋ ಎಂಬುದರ ಮೇಲೆ ಸುಂಕದ ಕಟ್ಟೆಗಳಲ್ಲಿ ವರ್ಷಗಟ್ಟಲೆ ವಾದಗಳಾದವು. ತರಿಸುವವರು ಸುಮ್ಮನಿರಲಿಲ್ಲ. 1950ರ ದಶಕದಲ್ಲಿ ಕೆಲವರು ಅಟ್ಟೆಯೊಳಗೆ ಚರ್ಮದ ಹಾಳೆಯೊಂದನ್ನು ಸೇರಿಸಿ, ಇದು ರಬ್ಬರಿನ ಅಟ್ಟೆಯಲ್ಲ, ಬೆಲೆಯಲ್ಲಿ ಇದರ ಮುಖ್ಯ ಪದಾರ್ಥ ಚರ್ಮ ಎಂದು ವಾದಿಸಿದರು. ಆ ಕಂಡಿಯನ್ನು ಮುಚ್ಚುವುದಕ್ಕೆ ಮತ್ತೆ ಕಾಯಿದೆಯ ಮಾತನ್ನು ತಿದ್ದಬೇಕಾಯಿತು.

1964ರಿಂದ 1967ರ ವರೆಗೆ ಜಿನೀವಾದಲ್ಲಿ ನಡೆದ ಕೆನೆಡಿ ಸುತ್ತಿನ ವ್ಯಾಪಾರ ಮಾತುಕತೆಗಳಲ್ಲಿ ಯೂರೋಪಿನವರು ಈ ಬೆಲೆ ಕಟ್ಟುವ ಪದ್ಧತಿಯನ್ನು ಬಲವಾಗಿ ಆಕ್ಷೇಪಿಸಿದರು. ಮುಖ್ಯವಾಗಿ ರಾಸಾಯನಿಕಗಳ ವಿಷಯದಲ್ಲಿ ಅದನ್ನು ಬಿಡುವ ಒಪ್ಪಂದವೂ ಆಯಿತು. ಆದರೆ ಅಮೆರಿಕದ ಕಾಂಗ್ರೆಸ್ಸು ಒಪ್ಪಲಿಲ್ಲ. ಹೀಗೆ ಬದುಕಿ ಉಳಿದ ಪದ್ಧತಿಗೆ ಹತ್ತು ವರ್ಷಗಳ ಅನಂತರ ಸಿಕ್ಕಿಬಿದ್ದವರಲ್ಲಿ ಆಗಿನ್ನೂ ಚಿಕ್ಕದಾಗಿದ್ದ ನೈಕಿ ಎಂಬ ಕಂಪನಿಯೂ ಒಂದು. ಜಪಾನಿನಿಂದ ಓಟದ ಬೂಟುಗಳನ್ನು ತರಿಸಿ ಮಾರುತ್ತಾ ಅದು ಬೆಳೆದಿತ್ತು. ಹಿಂದಿನ ವರ್ಷಗಳ ಸುಂಕದ ಬಾಕಿಯೆಂದು 2 ಕೋಟಿ 50 ಲಕ್ಷ ಡಾಲರು ಕೊಡಬೇಕೆಂಬ ತಗಾದೆ ಬಂದಾಗ ತಾವು ಕಂಗೆಟ್ಟುದನ್ನು ಅದರ ಸ್ಥಾಪಕರಲ್ಲೊಬ್ಬರಾದ ಫಿಲ್ ನೈಟ್ ಅವರು 2016ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರು ಹೂಡಿದ ಉಪಾಯವೂ ಸ್ವಾರಸ್ಯವಾದದ್ದು. ಹೋಲುವ ಅಮೆರಿಕದ ಬೂಟಿನ ಬೆಲೆಯೇ ಲೆಕ್ಕಕ್ಕೆ ಆಧಾರವಾದರೆ, ಅಂಥ ಒಂದು ಬೂಟನ್ನು ತಾವೇ ಅಮೆರಿಕದಲ್ಲಿ ಮಾಡಿ ಕಡಿಮೆ ಬೆಲೆಗೆ ಮಾರಿದರು! ಇತ್ತ ನ್ಯಾಯಾಲಯದಲ್ಲಿಯೂ ದಾವೆ ಹೂಡಿದರು. ಕೊನೆಗೆ 90 ಲಕ್ಷ ಡಾಲರಿಗೆ ರಾಜಿಯಾಯಿತು.

ಟೋಕಿಯೋ ಸುತ್ತಿನ ಒಪ್ಪಂದಗಳ ಫಲವಾಗಿ 1979ರ ಕಾಯಿದೆಯಿಂದ ಅಮೆರಿಕನ್ ಮಾರಾಟ ಬೆಲೆ ಕಡೆಗೂ ರದ್ದಾಯಿತು. ರಬ್ಬರಿನ ಪಾದರಕ್ಷೆಗಳಿಗೆ ಅದು 1981ರ ಜುಲೈ 1ರಿಂದ ನಿಂತಿತು. ಆದರೆ ರದ್ದಾದದ್ದು ಬೆಲೆ ಕಟ್ಟುವ ರೀತಿ ಮಾತ್ರ. ಅದು ಕೊಡುತ್ತಿದ್ದ ರಕ್ಷಣೆಯನ್ನು ದರದೊಳಕ್ಕೆ ತುಂಬಲಾಯಿತು. ಮರೆಯಲ್ಲಿದ್ದ ಅರವತ್ತು ಈಗ ಪಟ್ಟಿಯಲ್ಲಿಯೇ ಬಂದು ಕುಳಿತಿತು ಎನ್ನಬಹುದು.

ಇನ್ನು ಆ ಪಟ್ಟಿಯ ವಿಚಾರ. ಒಂದೊಂದು ದೇಶವೂ ಸರಕುಗಳಿಗೆ ಒಂದೊಂದು ಬಗೆಯ ಹೆಸರು ಕೊಡುತ್ತಿದ್ದರೆ ವ್ಯಾಪಾರಕ್ಕೆ ತೊಡಕು. 1913ರಲ್ಲಿ ಬ್ರಸೆಲ್ಸ್‌ನಲ್ಲಿ ಹಲವು ರಾಷ್ಟ್ರಗಳು ಸೇರಿ ಅಂಕಿಅಂಶಗಳಿಗಾಗಿ 186 ಬಾಬುಗಳ ಒಂದು ಚಿಕ್ಕ ಪಟ್ಟಿ ಮಾಡಿದವು. ಆಮೇಲೆ ರಾಷ್ಟ್ರಸಂಘದವರು ಜಿನೀವಾದಲ್ಲಿ 1931ರಲ್ಲಿ ಒಂದು ದೊಡ್ಡ ಕರಡು ಮಾಡಿ 1937ರಲ್ಲಿ ಪರಿಷ್ಕರಿಸಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1950ರ ಡಿಸೆಂಬರ್ 15ರಂದು ಬ್ರಸೆಲ್ಸ್‌ನಲ್ಲಿ ಮತ್ತೊಂದು ಒಪ್ಪಂದವಾಯಿತು. ಅದರ ಪರಿಷ್ಕೃತ ರೂಪವೇ 1983ರಲ್ಲಿ ಒಪ್ಪಿಗೆಯಾಗಿ 1988ರ ಜನವರಿ 1ರಿಂದ ಜಾರಿಗೆ ಬಂದ ಸಮನ್ವಿತ ಪದ್ಧತಿ. ನಮ್ಮ ದೇಶದಲ್ಲಿ 1934ರ ಸುಂಕದ ಪಟ್ಟಿ ಹೋಗಿ 1975ರ ಕಾಯಿದೆ ಬಂತು. 1986ರಲ್ಲಿಯೇ ಅದನ್ನು ಈ ಹೊಸ ಪದ್ಧತಿಗೆ ಹೊಂದಿಸಿದರು. ಅಮೆರಿಕ 1989ರಲ್ಲಿ ಬಂದು ಸೇರಿತು. ಹೀಗೆ ಮುಂಬಯಿಯಲ್ಲಾಗಲಿ, ಮಂಗಳೂರಿನಲ್ಲಾಗಲಿ, ನ್ಯೂಯಾರ್ಕಿನಲ್ಲಾಗಲಿ ಪಾದರಕ್ಷೆಯೆಂದರೆ 64ನೆಯ ಅಧ್ಯಾಯ. ಅದರ ನೆರೆಹೊರೆಯವರು ಟೋಪಿ, ಛತ್ರಿ, ಕೈಗೋಲು, ಚಾವಟಿ, ಹಕ್ಕಿಗರಿ, ಕೃತಕ ಹೂವು, ಚೌರಿಕೂದಲು! ಅಮರಕೋಶದ ಯಾವ ವರ್ಗವೂ ಇಷ್ಟು ವಿಚಿತ್ರವಾದ ಸಂಸಾರವನ್ನು ಕಂಡಿರಲಾರದು.

ಈ ಅಧ್ಯಾಯದ ಮುಖ್ಯ ನಿಯಮ ಹೀಗಿದೆ. ಪಾದರಕ್ಷೆಯನ್ನು ಎರಡು ಭಾಗವಾಗಿ ನೋಡಬೇಕು: ಮೇಲಿನ ಮೈ, ಕೆಳಗಿನ ಅಟ್ಟೆ. ಮೈಯ ಹೊರಮುಖದಲ್ಲಿ ಯಾವ ಪದಾರ್ಥ ಹೆಚ್ಚು ಜಾಗವನ್ನು ಆವರಿಸಿದೆಯೋ ಅದೇ ಮೈಯ ಪದಾರ್ಥ. ಬಕಲು, ಅಂಚುಪಟ್ಟಿ, ಅಲಂಕಾರ ಲೆಕ್ಕಕ್ಕಿಲ್ಲ. ಅಟ್ಟೆಯಲ್ಲಿ ನೆಲಕ್ಕೆ ತಗಲುವ ಭಾಗದಲ್ಲಿ ಹೆಚ್ಚಿಗೆ ಇರುವುದೇ ಅಟ್ಟೆಯ ಪದಾರ್ಥ. ಮೊಳೆ, ಲಾಳ ಲೆಕ್ಕಕ್ಕಿಲ್ಲ. ಮೈಯೂ ಅಟ್ಟೆಯೂ ರಬ್ಬರು ಅಥವಾ ಪ್ಲಾಸ್ಟಿಕ್ಕಾಗಿ, ಹೊಲಿಗೆ ಮೊಳೆಗಳಿಲ್ಲದೆ ನೀರು ಹೊಗದಂತೆ ಮಾಡಿದ್ದರೆ 6401; ಹಾಗಲ್ಲದ ರಬ್ಬರಿನದಾದರೆ 6402; ಚರ್ಮದ ಮೈಯಾದರೆ 6403; ಬಟ್ಟೆಯ ಮೈಯಾದರೆ 6404; ಇವು ಯಾವುದಕ್ಕೂ ಸೇರದಿದ್ದರೆ 6405; ಬಿಡಿಭಾಗಗಳಿಗೆ 6406. ನನ್ನ ಬೂಟಿನ ಚೀಟಿಯಲ್ಲಿದ್ದ ಸಂಖ್ಯೆಯ ಅರ್ಥ ಇಷ್ಟೇ: ಬಟ್ಟೆಯ ಮೈ, ರಬ್ಬರಿನ ಅಟ್ಟೆ, ಆಟಕ್ಕೆ ತೊಡುವಂಥದು.

ಒಂದು ವಸ್ತು ಎರಡು ಕಡೆಗೆ ಸಲ್ಲುವಂತಿದ್ದರೆ ಏನು ಮಾಡಬೇಕೆಂಬುದಕ್ಕೂ ಸೂತ್ರಗಳಿವೆ. ಸಾಮಾನ್ಯವಾದ ಹೆಸರಿಗಿಂತ ವಿಶೇಷವಾದ ಹೆಸರು ಬಲವತ್ತರ. ಹಾಗೂ ತೀರ್ಮಾನವಾಗದಿದ್ದರೆ ವಸ್ತುವಿಗೆ ಅದರ ಸ್ವರೂಪವನ್ನು ಕೊಡುವ ಪದಾರ್ಥ ಯಾವುದೋ ನೋಡು. ಅದೂ ತಿಳಿಯದಿದ್ದರೆ ಸಂಖ್ಯೆಯಲ್ಲಿ ಕೊನೆಗೆ ಬರುವುದನ್ನು ಹಿಡಿ. ಇದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಉತ್ಸರ್ಗಕ್ಕಿಂತ ಅಪವಾದ ಬಲವಾದದ್ದು, ಸಮಬಲದ ಸೂತ್ರಗಳು ಸೆಣಸಿದರೆ ಮುಂದಿನದೇ ಗೆಲ್ಲುತ್ತದೆ ಎಂದು ನಮ್ಮ ವೈಯಾಕರಣರು ಪಾಣಿನಿಯ ಕಾಲದಿಂದಲೂ ಹೇಳಿಕೊಂಡು ಬಂದಿಲ್ಲವೇ? ಶಬ್ದವಾಗಲಿ, ಸರಕಾಗಲಿ, ಅಸಂಖ್ಯಾತವಾದುದನ್ನು ಪರಿಮಿತವಾದ ಸೂತ್ರಗಳಲ್ಲಿ ಕಟ್ಟಹೊರಟವರಿಗೆಲ್ಲ ಎದುರಾಗುವ ತೊಡಕು ಒಂದೇ, ಬಿಡಿಸುವ ದಾರಿಯೂ ಒಂದೇ.

ಆದರೆ ಒಂದು ವ್ಯತ್ಯಾಸವುಂಟು. ವ್ಯಾಕರಣದ ಸೂತ್ರವನ್ನು ಓದಿ ಶಬ್ದ ತನ್ನ ರೂಪವನ್ನು ಬದಲಾಯಿಸಿಕೊಳ್ಳುವುದಿಲ್ಲ. ಸುಂಕದ ಸೂತ್ರವನ್ನು ಓದಿ ಬೂಟು ಬದಲಾಯಿಸಿಕೊಳ್ಳುತ್ತದೆ. ಅಟ್ಟೆಯೂ ಮೈಯೂ ಕೂಡುವಲ್ಲಿ ಸುತ್ತಲೂ ರಬ್ಬರಿನ ಒಂದು ಪಟ್ಟಿ ಇದ್ದರೆ ಅಮೆರಿಕದಲ್ಲಿ ಕೆಲವು ಬಗೆಯ ಬೂಟುಗಳಿಗೆ ಸುಂಕ ಹೆಚ್ಚು. ಎಷ್ಟು ಮೇಲಕ್ಕೆ ಬಂದರೆ ಅದು ಪಟ್ಟಿ? 1983ರಲ್ಲಿ ಅಲ್ಲಿನ ಸುಂಕದ ಇಲಾಖೆಯವರು ಅಳತೆ ಗೊತ್ತುಮಾಡಿ, ಕಾಲು ಅಂಗುಲ ಮೈಯ ಮೇಲೆ ಏರಿದ್ದರೆ ಪಟ್ಟಿಯೇ ಸರಿ ಎಂದರು. ಕಾಲಿನ ಜೋಡಿಗೆ ಕಾಲು ಅಂಗುಲದ ತಗಾದೆ! ಇನ್ನು ಕೆಲವರು ರಬ್ಬರಿನ ಅಟ್ಟೆಯ ಕೆಳಗೆ ತೆಳ್ಳನೆಯ ನವಿರು ಬಟ್ಟೆಯನ್ನು ಅಂಟಿಸಿದರು. ನೆಲಕ್ಕೆ ತಗಲುವುದು ಬಟ್ಟೆಯಾದ್ದರಿಂದ ಅಟ್ಟೆ ಬಟ್ಟೆಯದು. ಆದ್ದರಿಂದ ಇದು ಆಟದ ಬೂಟಲ್ಲ, ಕಡಿಮೆ ಸುಂಕದ ಬೇರೆ ಬಾಬು. ಕೊಂಡವರು ನಾಲ್ಕು ದಿನ ನಡೆದರೆ ಆ ಬಟ್ಟೆ ಸವೆದುಹೋಗುತ್ತದೆ. ಅಷ್ಟರಲ್ಲಿ ಅದು ಸುಂಕದ ಕಟ್ಟೆಯನ್ನು ದಾಟಿಸಿ ತನ್ನ ಕೆಲಸವನ್ನು ಮುಗಿಸಿರುತ್ತದೆ. ಅಟ್ಟೆಗೆ ಬೇಕಾದ ಗಟ್ಟಿತನವೂ ಬಾಳಿಕೆಯೂ ಇಲ್ಲದ ಬಟ್ಟೆಯನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ ಎಂದು 2011ರಲ್ಲಿ ಅಮೆರಿಕದವರು ತಮ್ಮ ಪಟ್ಟಿಗೆ ಒಂದು ಟಿಪ್ಪಣಿಯನ್ನು ಸೇರಿಸಿದರು.

ಇದನ್ನೆಲ್ಲ ಕೇಳಿ ನಗು ಬರಬಹುದು. ನನಗೂ ಬಂತು. ಆದರೆ 1989ರಲ್ಲಿ ಜಾರಿಗೆ ಬಂದ ಅಮೆರಿಕದ ಪಟ್ಟಿಯ ಮೂಲದರಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನಗು ನಿಂತಿತು. ಗಂಡಸರು ಕಚೇರಿಗೆ ತೊಡುವ ಚರ್ಮದ ಬೂಟಿಗೆ ಸಾಮಾನ್ಯವಾಗಿ ಶೇಕಡಾ 8.5, ಹೆಂಗಸರದಕ್ಕೆ 10. ಬಟ್ಟೆ ರಬ್ಬರುಗಳ ಆಟದ ಬೂಟಿಗೆ, ಅದರ ಬೆಲೆ ಗಡಿಯಲ್ಲಿ 12 ಡಾಲರಿಗಿಂತ ಹೆಚ್ಚಾಗಿದ್ದರೆ, ಶೇಕಡಾ 20. ಅದೇ ಬಗೆಯದು 3 ಡಾಲರಿಗಿಂತ ಹೆಚ್ಚು, ಆರೂವರೆ ಡಾಲರಿಗಿಂತ ಕಡಿಮೆಯದಾದರೆ, ಜೊತೆಗೆ 90 ಸೆಂಟು, ಅದರ ಮೇಲೆ ಶೇಕಡಾ 37.5. ಮೂರು ಡಾಲರಿನ ಒಳಗಿನದಾದರೆ ಶೇಕಡಾ 48ರ ವರೆಗೆ. ಐದು ಡಾಲರಿನ ಬೂಟಿಗೆ ಸುಂಕ ಸುಮಾರು 2 ಡಾಲರು 77 ಸೆಂಟು. ಅಂದರೆ ಬೆಲೆಯ ಅರ್ಧಕ್ಕಿಂತ ಹೆಚ್ಚು. ವಸ್ತು ಅಗ್ಗವಾದಷ್ಟೂ ಸುಂಕದ ದರ ಏರುತ್ತದೆ. ನೂರು ಡಾಲರಿನ ಚರ್ಮದ ಬೂಟು ಕೊಳ್ಳುವವನು ನೂರಕ್ಕೆ ಎಂಟೂವರೆಯ ಲೆಕ್ಕದಲ್ಲಿ ತೆತ್ತರೆ, ಮಗುವನ್ನು ಶಾಲೆಗೆ ಕಳಿಸಲು ಅಗ್ಗದ ಕ್ಯಾನ್ವಾಸ್ ಬೂಟು ಹುಡುಕುವ ತಾಯಿ ನೂರಕ್ಕೆ ಐವತ್ತೈದರ ಲೆಕ್ಕದಲ್ಲಿ ತೆರುತ್ತಾಳೆ. ಅಂಗಡಿಯ ಚೀಟಿಯಲ್ಲಿ ಸುಂಕವೆಂದು ಪ್ರತ್ಯೇಕವಾಗಿ ಬರೆದಿರುವುದಿಲ್ಲವಾದ್ದರಿಂದ ತಾನು ತೆತ್ತದ್ದು ಅವಳಿಗೆ ತಿಳಿಯುವುದೂ ಇಲ್ಲ.

ಇದನ್ನು ಮಾಡಿದವರು ಕೆಟ್ಟವರೆಂದು ಹೇಳಲಾರೆ. 1933ರಲ್ಲಿ ರಬ್ಬರು ಕಾರ್ಖಾನೆಯ ಕೆಲಸಗಾರರಿಗೆ ಅನ್ನ ಉಳಿಯಬೇಕಾಗಿತ್ತು. ಅವರ ಭಯ ನಿಜವಾದದ್ದೇ. ಆದರೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಕಾನ್ವರ್ಸ್ ಕಂಪನಿಯ ಅಮೆರಿಕದ ಕೊನೆಯ ಕಾರ್ಖಾನೆ 2001ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕೊಳ್ಳುವ ಪಾದರಕ್ಷೆಗಳಲ್ಲಿ ಬಹುಪಾಲು ಹೊರದೇಶಗಳಿಂದ ಬರತೊಡಗಿದವು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇಲ್ಲಿ ಸಲ್ಲದು. ಬೆಳೆ ಹೋದ ಮೇಲೂ ಬೇಲಿ ಉಳಿದುಕೊಂಡಿತು ಎನ್ನಬೇಕು.

ಆ ಲೋಕಗ್ರಂಥದಲ್ಲಿ ನಮ್ಮ ನಾಡಿನ ಕಸುಬಿಗೂ ಒಂದು ಮೂಲೆಯುಂಟು. 6403.20 ಎಂಬ ಸಾಲಿನಲ್ಲಿ, ಚರ್ಮದ ಅಟ್ಟೆಯುಳ್ಳ, ಪಾದದ ಮೇಲೆ ಅಡ್ಡಲಾಗಿಯೂ ಹೆಬ್ಬೆರಳಿನ ಸುತ್ತಲೂ ಚರ್ಮದ ಪಟ್ಟಿಯುಳ್ಳ ಪಾದರಕ್ಷೆ ಎಂದು ವರ್ಣಿಸಿದೆ. ಓದಿದೊಡನೆ ನನಗೆ ಅಥಣಿಯ ಚಪ್ಪಲಿಯೇ ಕಣ್ಣಿಗೆ ಕಟ್ಟಿತು. ಕೊಲ್ಹಾಪುರಿ ಎಂದು ಹೆಸರಾದ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ಅಮೆರಿಕದ ಪಟ್ಟಿಯ ಮೂಲದರದ ಅಂಕಣದಲ್ಲಿ ಈ ಸಾಲಿನ ಎದುರು ಸುಂಕವಿಲ್ಲ ಎಂದಿದೆ. ಆಗಾಗ ದೇಶದೇಶಗಳ ಮೇಲೆ ಹೇರುವ ಹೆಚ್ಚುವರಿ ಸುಂಕಗಳ ಮಾತು ಬೇರೆ. ಹೆಸರಿಲ್ಲದೆ ಬರಿಯ ಲಕ್ಷಣದಿಂದಲೇ ಗುರುತು ಸಿಕ್ಕುವಂತೆ ನಮ್ಮ ಚಪ್ಪಲಿ ಅಲ್ಲಿ ನಿಂತಿರುವುದು ಸಂತೋಷದ ವಿಷಯ. ಆದರೆ ಆ ಸಾಲನ್ನು ಬರೆದವರು ಚರ್ಮವನ್ನು ಕಂಡರು, ಹೆಬ್ಬೆರಳನ್ನು ಕಂಡರು. ಹೊಲಿದ ಕೈಯನ್ನು ಕಾಣಲು ಅವರ ಪದ್ಧತಿಯಲ್ಲಿ ಜಾಗವಿರಲಿಲ್ಲ.

ಅಮರಸಿಂಹ ಮಾಡುವವನನ್ನು ನೋಡಿ ವರ್ಗ ಮಾಡಿದ. ಬ್ರಸೆಲ್ಸ್‌ನವರು ಪದಾರ್ಥವನ್ನು ನೋಡಿ ಅಧ್ಯಾಯ ಮಾಡಿದರು. ಅಮೆರಿಕದವರು ತಮ್ಮ ಕಾರ್ಖಾನೆಯನ್ನು ನೋಡಿ ದರ ಹಾಕಿದರು. ಮೆಟ್ಟಿ ನಡೆಯುವವನನ್ನು ಮಾತ್ರ ಯಾರೂ ನೋಡಲಿಲ್ಲ. ಪಾದವನ್ನು ರಕ್ಷಿಸುವುದರಿಂದ ಪಾದರಕ್ಷೆ ಎಂದು ಆ ಶಬ್ದವೇ ಹೇಳುತ್ತಿದ್ದರೂ, ಅದು ಯಾರ ಪಾದ ಎಂಬ ಪ್ರಶ್ನೆಗೆ ಆ ಗ್ರಂಥದಲ್ಲಿ ಸಂಖ್ಯೆ ಇಲ್ಲ.

ಅಣ್ಣನ ಮಗ ಕಳಿಸಿದ ಬೂಟುಗಳನ್ನು ತೊಟ್ಟು ಈಗ ದಿನವೂ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೇನೆ. ಮನೆಯವರ ಅನುಮಾನವೂ ಪರಿಹಾರವಾಯಿತು. ಬೂಟು ಎಂಟನೆಯ ನಂಬರಿನದೇ, ಕಾಲಿಗೆ ಸರಿಯಾಗಿದೆ.